ಕೊಡ, ಸಿಂಬಿ, ಗಿಂಬಲ್: ಅಲುಗದ ವಿಡಿಯೋ ತೆಗೆಯೋ ಡ್ರೋನ್ ಕಟ್ಟೋದು ಹೇಗೆ?

ಫೆಸ್ಟ್ ಹತ್ತಿರ ಬಂತು ಅಂದ್ರೆ ಪ್ರತಿ ಡಿಪಾರ್ಟ್‌ಮೆಂಟಿನಲ್ಲೂ ಒಂದು ಮಾತು ಹುಟ್ಟತ್ತೆ: "ಈ ಸಲ ಡ್ರೋನ್ ಶಾಟ್ ನಾವೇ ತೆಗೆಯೋಣ, ಡ್ರೋನೂ ನಾವೇ ಕಟ್ಟೋಣ." ಒಳ್ಳೇ ಯೋಚನೆ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿದಾಗಲೂ ಬಿಡಿಭಾಗಗಳನ್ನು ತರಿಸೋದಕ್ಕೆ ಅಡ್ಡಿ ಮಾಡಲಿಲ್ಲ. ಮೋಟರ್, ಇಎಸ್‌ಸಿ, ಫ್ಲೈಟ್ ಕಂಟ್ರೋಲರ್ ಎಲ್ಲಾ ಸಿಗತ್ತೆ. ನಾಲ್ಕು ಜನ ಸೇರಿ ದುಡ್ಡು ಹಾಕಿ ಡ್ರೋನನ್ನ ಮೇಲಕ್ಕೆ ಎಬ್ಬಿಸೋದು ಇವತ್ತು ಅಂಥಾ ಕಷ್ಟದ ಕೆಲಸವೇನಲ್ಲ.

ಕಷ್ಟ ಗೊತ್ತಾಗೋದು ವಿಡಿಯೋ ತೆರೆದು ನೋಡಿದಾಗ. ಲೈಬ್ರರಿಯ ಗೋಡೆ ಜೆಲ್ಲಿ ತರಹ ನಡುಗ್ತಿರತ್ತೆ, ದಿಗಂತ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲ್ತಿರತ್ತೆ. ಆಗ ಎಲ್ಲರ ಬಾಯಲ್ಲೂ ಬರೋ ಪರಿಹಾರ ಒಂದೇ: "ಗಿಂಬಲ್ ಹಾಕಿಬಿಡೋಣ." ಹಾಕಿದ ಮೇಲೂ ಜೆಲ್ಲಿ ಹೋಗಲ್ಲ. ಕೆಲವೊಮ್ಮೆ ಮೊದಲಿಗಿಂತ ಹೆಚ್ಚಾಗತ್ತೆ. ಯಾಕೆ ಅಂದ್ರೆ ಗಿಂಬಲ್ ಎಲ್ಲಾ ಅಲುಗಾಟಕ್ಕೂ ಮದ್ದಲ್ಲ. ಅಲುಗಾಟದಲ್ಲಿ ಮೂರು ಬಗೆ ಇದೆ, ಒಂದೊಂದಕ್ಕೂ ಬೇರೆ ಬೇರೆ ಕಾವಲುಗಾರ ಬೇಕು. ಇದೊಂದು ಅರ್ಥವಾದ್ರೆ ಯಾವ ಭಾಗಕ್ಕೆ ದುಡ್ಡು ಹಾಕಬೇಕು, ಯಾವ ಭಾಗಕ್ಕೆ ಬರೀ ಒಂದು ಸಂಜೆ ಮತ್ತು ಸ್ವಲ್ಪ ಟೇಪ್ ಸಾಕು ಅನ್ನೋದು ತಾನಾಗೇ ತಿಳಿಯತ್ತೆ.

ಮೂರು ಬಗೆಯ ಅಲುಗಾಟ

ತಲೆ ಮೇಲೆ ನೀರಿನ ಕೊಡ ಹೊತ್ತು ನಡೆಯೋರನ್ನ ಗಮನಿಸಿ. ಕೊಡ ತುಳುಕದೆ ಇರೋದಕ್ಕೆ ಮೂರು ಕಾರಣ. ಒಂದು, ಹೆಜ್ಜೆ ಹದವಾಗಿರತ್ತೆ, ಓಡಲ್ಲ, ಜಿಗಿಯಲ್ಲ. ಎರಡು, ಮೈ ಆ ಕಡೆ ಈ ಕಡೆ ವಾಲಿದಾಗ ಕುತ್ತಿಗೆ ಅದಕ್ಕೆ ವಿರುದ್ಧವಾಗಿ ಅಷ್ಟೇ ವಾಲಿ ಕೊಡವನ್ನ ನೇರವಾಗಿ ಇಡತ್ತೆ. ಮೂರು, ಕೊಡದ ಕೆಳಗೆ ಬಟ್ಟೆಯ ಸಿಂಬಿ ಇರತ್ತೆ, ಹೆಜ್ಜೆ ನೆಲಕ್ಕೆ ಬಿದ್ದಾಗ ಬರೋ ಸಣ್ಣ ಅದುರನ್ನ ಅದು ನುಂಗತ್ತೆ.

ಡ್ರೋನಿನಲ್ಲೂ ಹೀಗೇ. ಗಾಳಿಗೆ ನಿಧಾನವಾಗಿ ತೇಲೋದು, ಜಾಗ ಬಿಟ್ಟು ಸರಿಯೋದು ಸೆಕೆಂಡಿಗೆ ಒಂದು ಸಲಕ್ಕಿಂತ ಕಡಿಮೆ ವೇಗದ ಚಲನೆ. ಇದನ್ನ ನೋಡಿಕೊಳ್ಳೋದು ಫ್ಲೈಟ್ ಕಂಟ್ರೋಲರ್, ಜಿಪಿಎಸ್ ಮತ್ತು ಪೈಲಟ್‌ನ ಬೆರಳು. ಇದು ಹೆಜ್ಜೆ. ಮುಂದೆ ಹೋಗೋಕೆ ಬಾಗೋದು, ಗಾಳಿಯ ಹೊಡೆತಕ್ಕೆ ಓಲಾಡೋದು ಸೆಕೆಂಡಿಗೆ ಕೆಲವು ಸಲ ಆಗೋ ಚಲನೆ. ಇದು ಗಿಂಬಲ್‌ನ ಕೆಲಸ, ಅಂದ್ರೆ ಕುತ್ತಿಗೆ. ಮೋಟರ್ ಮತ್ತು ಪ್ರೊಪೆಲರ್‌ನಿಂದ ಬರೋ ಕಂಪನ ಸೆಕೆಂಡಿಗೆ ನೂರಾರು ಸಲ. ಇದನ್ನ ತಡೀಬೇಕಾದ್ದು ರಬ್ಬರ್ ಡ್ಯಾಂಪರ್, ಅಂದ್ರೆ ಸಿಂಬಿ.

ಸಿಂಬಿ ಮಾಡೋ ಕೆಲಸವನ್ನ ಕುತ್ತಿಗೆ ಮಾಡೋಕೆ ಹೋದ್ರೆ ಕುತ್ತಿಗೆ ನೋವು ಬರತ್ತೆ ಅಷ್ಟೇ. ಗಿಂಬಲ್ ಮೋಟರ್‌ಗೂ ಅದೇ ಗತಿ.

ಜೆಲ್ಲಿ ಎಲ್ಲಿಂದ ಬರತ್ತೆ?

10 ಇಂಚಿನ ಪ್ರೊಪೆಲರ್ ನಿಮಿಷಕ್ಕೆ 6,000 ಸುತ್ತು ತಿರುಗ್ತಿದೆ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 100 ಸುತ್ತು. ಅದರ ಒಂದು ರೆಕ್ಕೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಭಾರ ಇದ್ರೂ ಪ್ರತಿ ಸುತ್ತಿಗೆ ಒಂದು ಸಲ ಫ್ರೇಮನ್ನ ಎಳೆಯತ್ತೆ. ಹಾಗಾಗಿ 100 ಹರ್ಟ್ಜ್ ಕಂಪನ.

ಈಗ ಕ್ಯಾಮೆರಾ ಕಡೆ ಬನ್ನಿ. ಆಕ್ಷನ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರೋದು ರೋಲಿಂಗ್ ಶಟರ್. ಇದು ಇಡೀ ಚಿತ್ರವನ್ನ ಒಂದೇ ಕ್ಷಣದಲ್ಲಿ ಹಿಡಿಯಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತಾ ಹೋಗತ್ತೆ. ಈ ಓದಿಗೆ 20 ಮಿಲಿಸೆಕೆಂಡ್ ಹಿಡಿದ್ರೆ ಅಷ್ಟರೊಳಗೆ 100 ಹರ್ಟ್ಜ್ ಕಂಪನ ಎರಡು ಸಲ ಹೋಗಿ ಬಂದಿರತ್ತೆ. ಮೇಲಿನ ಸಾಲು ಓದಿದಾಗ ಕ್ಯಾಮೆರಾ ಒಂದು ಕಡೆ, ಸ್ವಲ್ಪ ಕೆಳಗಿನ ಸಾಲು ಓದಿದಾಗ ಇನ್ನೊಂದು ಕಡೆ. ಹಾಗಾಗಿ ನೇರ ಕಂಬದಲ್ಲಿ ಎರಡು ಅಲೆ ಕಾಣತ್ತೆ. ಇದೇ ಜೆಲ್ಲಿ.

ಇದನ್ನ ಗಿಂಬಲ್ ಮೋಟರ್ ಸರಿ ಮಾಡೋಕಾಗಲ್ಲ. ಸೆನ್ಸರ್ ಓದಿ, ಫಿಲ್ಟರ್ ಮಾಡಿ, ಲೆಕ್ಕ ಹಾಕಿ, ಮೋಟರ್ ತಿರುಗಿಸಿ, ಕ್ಯಾಮೆರಾದ ಜಡತ್ವವನ್ನ ಮೀರೋ ಹೊತ್ತಿಗೆ 100 ಹರ್ಟ್ಜ್‌ನ ಅಲೆ ಆಗಲೇ ದಿಕ್ಕು ಬದಲಿಸಿರತ್ತೆ. ತಡವಾಗಿ ಬಂದ ತಿದ್ದುಪಡಿ ಕಂಪನಕ್ಕೆ ವಿರುದ್ಧವಾಗಿ ಇರೋ ಬದಲು ಅದರ ಜೊತೆಗೇ ಸೇರಿಕೊಳ್ಳತ್ತೆ.

ಹಾಗಾಗಿ ಮೊದಲ ಕೆಲಸ ಕಂಪನವನ್ನ ಹುಟ್ಟೋ ಜಾಗದಲ್ಲೇ ಕಡಿಮೆ ಮಾಡೋದು. ಪ್ರೊಪೆಲರ್ ಬ್ಯಾಲೆನ್ಸರ್ ಅನ್ನೋ ಸಣ್ಣ ಸಾಧನದ ಮೇಲೆ ಪ್ರೊಪೆಲರ್ ಇಡಿ. ಭಾರದ ರೆಕ್ಕೆ ಕೆಳಗೆ ಬರತ್ತೆ. ಹಗುರಾದ ರೆಕ್ಕೆಗೆ ಚೂರು ಟೇಪ್ ಅಂಟಿಸಿ, ಯಾವ ಕೋನದಲ್ಲಿ ಬಿಟ್ರೂ ಅಲ್ಲೇ ನಿಲ್ಲೋ ತನಕ ಸರಿ ಮಾಡಿ. ಅಂಚು ಮುಕ್ಕಾದ ಪ್ರೊಪೆಲರ್ ಇದ್ರೆ ಕಸದ ಬುಟ್ಟಿಗೆ. ಮೋಟರ್ ಶಾಫ್ಟ್ ಬಾಗಿದೆಯಾ, ಬೇರಿಂಗ್ ಒರಟಾಗಿದೆಯಾ ಕೈಯಲ್ಲಿ ತಿರುಗಿಸಿ ನೋಡಿ. ತೋಳುಗಳ ಸ್ಕ್ರೂ ಬಿಗಿ ಮಾಡಿ.

ಸರಿ ಆಯ್ತಾ ಅಂತ ಕಣ್ಣಂದಾಜಿನಲ್ಲಿ ಹೇಳ್ಬೇಕಿಲ್ಲ. ಆರ್ಡುಪೈಲಟ್ ಬಳಸ್ತಿದ್ರೆ ಹಾರಾಟದ ಲಾಗ್‌ನಲ್ಲಿ ಕಂಪನದ ಮಟ್ಟ ದಾಖಲಾಗಿರತ್ತೆ. ಮೂರೂ ಅಕ್ಷದಲ್ಲಿ ಅದು ಸೆಕೆಂಡ್ ವರ್ಗಕ್ಕೆ 30 ಮೀಟರ್ ಒಳಗಿದ್ರೆ ಸಾಮಾನ್ಯವಾಗಿ ತೊಂದರೆ ಇಲ್ಲ, 60 ದಾಟಿದ್ರೆ ಹಾರಾಟಕ್ಕೇ ಅಪಾಯ. ಗಿಂಬಲ್ ಕೊಳ್ಳೋ ಮೊದಲೇ ಈ ಲಾಗ್ ತೆಗೆದು ನೋಡಿ.

ಸಿಂಬಿಯ ಲೆಕ್ಕ

ಮೆಕ್ಯಾನಿಕಲ್‌ನವರು ವೈಬ್ರೇಶನ್ಸ್ ಪೇಪರ್‌ನಲ್ಲಿ ಓದೋ ಸ್ಪ್ರಿಂಗ್ ಮತ್ತು ದ್ರವ್ಯರಾಶಿಯ ಅಧ್ಯಾಯ ಇಲ್ಲಿ ಹಾಗೇ ಬಳಕೆಗೆ ಬರತ್ತೆ. ರಬ್ಬರ್ ಡ್ಯಾಂಪರ್ ಸ್ಪ್ರಿಂಗ್, ಅದಕ್ಕೆ ತೂಗಿರೋ ಗಿಂಬಲ್ ಮತ್ತು ಕ್ಯಾಮೆರಾ ದ್ರವ್ಯರಾಶಿ. ಎರಡೂ ಸೇರಿ ಒಂದು ಸಹಜ ಆವರ್ತಾಂಕ ಇರತ್ತೆ. ಬರೋ ಕಂಪನದ ಆವರ್ತಾಂಕ ಈ ಸಹಜ ಆವರ್ತಾಂಕದ 1.4 ಪಟ್ಟಿಗಿಂತ ಹೆಚ್ಚಿದ್ರೆ ಮಾತ್ರ ಡ್ಯಾಂಪರ್ ತಡೆಯೋಕೆ ಶುರು ಮಾಡತ್ತೆ. ಅದಕ್ಕಿಂತ ಕೆಳಗೆ ತಡೆಯಲ್ಲ, ಎರಡೂ ಹತ್ತಿರ ಬಂದ್ರೆ ಕಂಪನವನ್ನ ಹಿಗ್ಗಿಸತ್ತೆ.

ಸಹಜ ಆವರ್ತಾಂಕ 20 ಹರ್ಟ್ಜ್, ಕಂಪನ 100 ಹರ್ಟ್ಜ್ ಅಂದ್ರೆ ಐದು ಪಟ್ಟು. ರಬ್ಬರ್‌ನ ಒಳ ಘರ್ಷಣೆ ಬಿಟ್ಟು ಲೆಕ್ಕ ಹಾಕಿದ್ರೆ ಕ್ಯಾಮೆರಾಗೆ ತಲುಪೋದು 24ರಲ್ಲಿ 1 ಭಾಗ, ಸುಮಾರು 4 ಶೇಕಡಾ. ನಿಜದಲ್ಲಿ ಸ್ವಲ್ಪ ಹೆಚ್ಚೇ ತಲುಪತ್ತೆ, ಆದ್ರೂ ದೊಡ್ಡ ಲಾಭ.

20 ಹರ್ಟ್ಜ್ ಇದೆಯಾ ಅಂತ ತಿಳಿಯೋಕೆ ಒಂದು ಸ್ಕೇಲ್ ಸಾಕು. ಕ್ಯಾಮೆರಾ ಭಾರಕ್ಕೆ ರಬ್ಬರ್ ಎಷ್ಟು ಇಳೀತು ಅಂತ ಅಳೆಯಿರಿ. ಗುರುತ್ವ ವೇಗೋತ್ಕರ್ಷವನ್ನ ಕೋನೀಯ ಆವರ್ತಾಂಕದ ವರ್ಗದಿಂದ ಭಾಗಿಸಿದ್ರೆ ಇಳಿತ ಸಿಗತ್ತೆ. 20 ಹರ್ಟ್ಜ್‌ಗೆ ಸುಮಾರು 0.6 ಮಿ.ಮೀ., 10 ಹರ್ಟ್ಜ್‌ಗೆ 2.5 ಮಿ.ಮೀ. ಒಂದಿಷ್ಟೂ ಇಳಿಯದಿದ್ರೆ ರಬ್ಬರ್ ಬರೀ ಅಲಂಕಾರಕ್ಕೆ ಇದೆ ಅಂತ ಅರ್ಥ. ದೊಡ್ಡ ಕ್ಯಾಮೆರಾಗೆ ಅಂತ ಮಾಡಿದ ಗಟ್ಟಿ ಡ್ಯಾಂಪರ್‌ಗೆ ಪುಟ್ಟ ಕ್ಯಾಮೆರಾ ತೂಗು ಹಾಕಿದ್ರೆ ಆಗೋದು ಇದೇ. ಹಾಗಂತ ತೀರಾ ಮೆತ್ತಗೂ ಬೇಡ. ಸಹಜ ಆವರ್ತಾಂಕ ಕೆಲವೇ ಹರ್ಟ್ಜ್‌ಗೆ ಇಳಿದ್ರೆ ಗಿಂಬಲ್ ಮೋಟರ್‌ನ ಚಲನೆಗೂ ರಬ್ಬರ್‌ನ ಓಲಾಟಕ್ಕೂ ಜಗಳ ಶುರುವಾಗತ್ತೆ.

ಇನ್ನೊಂದು ಮಾತು. ಕ್ಯಾಮೆರಾದಿಂದ ಫ್ರೇಮಿಗೆ ಹೋಗೋ ವೈರ್ ಗಟ್ಟಿಯಾಗಿದ್ರೆ ಕಂಪನ ರಬ್ಬರನ್ನ ಬಿಟ್ಟು ವೈರ್ ಮೇಲೆ ಹತ್ತಿ ಬರತ್ತೆ. ತೆಳು ವೈರ್ ಬಳಸಿ, ಸಡಿಲವಾಗಿ ಒಂದು ಸುತ್ತು ಬಿಡಿ.

ಕುತ್ತಿಗೆ ಹೇಗೆ ಕೆಲಸ ಮಾಡತ್ತೆ?

ಗಿಂಬಲ್ ಸರಿ ಮಾಡೋದು ತಿರುಗೋ ಚಲನೆಯನ್ನ ಮಾತ್ರ. ಮೇಲೆ ಕೆಳಗೆ ಜರುಗೋದನ್ನಲ್ಲ. ಆದ್ರೂ ಅದು ಯಾಕೆ ಸಾಕಾಗತ್ತೆ ಅಂದ್ರೆ, ಡ್ರೋನ್ 1 ಸೆಂ.ಮೀ. ಜರುಗಿದ್ರೆ 50 ಮೀಟರ್ ದೂರದ ಗೋಪುರದ ಮೇಲೆ ನೋಟ ಜರುಗೋದೂ 1 ಸೆಂ.ಮೀ. ಅದೇ ಕ್ಯಾಮೆರಾ 1 ಡಿಗ್ರಿ ವಾಲಿದ್ರೆ 87 ಸೆಂ.ಮೀ. ಜರುಗತ್ತೆ. ವಿಡಿಯೋ ಕೆಡಿಸೋದು ವಾಲಾಟ.

ವಾಲಾಟ ಎಷ್ಟು ಅಂತ ತಿಳಿಯೋಕೆ ಕ್ಯಾಮೆರಾ ಕೂರೋ ತಟ್ಟೆಯ ಮೇಲೆ ಒಂದು ಐಎಂಯು ಇರತ್ತೆ. ಎಂಪಿಯು-6050 ತರದ ಚಿಪ್‌ನಲ್ಲಿ ಗೈರೋ, ಆಕ್ಸಿಲರೋಮೀಟರ್ ಎರಡೂ ಇದೆ. ಗೈರೋ ತಿರುಗೋ ವೇಗವನ್ನ ಚುರುಕಾಗಿ ಹೇಳತ್ತೆ, ಆದ್ರೆ ಆ ವೇಗವನ್ನ ಕೂಡುತ್ತಾ ಕೋನ ಲೆಕ್ಕ ಹಾಕಿದ್ರೆ ಸಣ್ಣ ದೋಷ ಸೇರ್ತಾ ಸೇರ್ತಾ ದಾರಿ ತಪ್ಪತ್ತೆ. ಆಕ್ಸಿಲರೋಮೀಟರ್‌ಗೆ ಕೆಳಗಡೆ ಯಾವುದು ಅಂತ ಗೊತ್ತು, ಆದ್ರೆ ಕಂಪನಕ್ಕೆ ಬೆದರತ್ತೆ. ಹಾಗಾಗಿ ಎರಡನ್ನೂ ಬೆರೆಸ್ತಾರೆ. ಪ್ರತಿ ಸುತ್ತಿನಲ್ಲೂ ಗೈರೋ ಹೇಳಿದ ಕೋನಕ್ಕೆ 98 ಪಾಲು, ಆಕ್ಸಿಲರೋಮೀಟರ್ ಹೇಳಿದ್ದಕ್ಕೆ 2 ಪಾಲು, ಹೀಗೆ. ಇದಕ್ಕೆ ಕಾಂಪ್ಲಿಮೆಂಟರಿ ಫಿಲ್ಟರ್ ಅಂತಾರೆ.

ಇದರಲ್ಲೊಂದು ಬಲಹೀನತೆ ಇದೆ. ಡ್ರೋನ್ ಉದ್ದನೆಯ ತಿರುವಿನಲ್ಲಿ ಹೋಗ್ತಿದ್ರೆ ಆಕ್ಸಿಲರೋಮೀಟರ್‌ಗೆ ಗುರುತ್ವದ ಜೊತೆ ತಿರುವಿನ ವೇಗೋತ್ಕರ್ಷವೂ ಸೇರಿ ಬರತ್ತೆ. ಬಸ್ಸು ತಿರುಗುವಾಗ ನಾವು ಪಕ್ಕದವರ ಮೇಲೆ ವಾಲಿದ ಹಾಗೆ, ಅದಕ್ಕೆ "ಕೆಳಗಡೆ" ಅನ್ನೋದೇ ಓರೆಯಾಗಿ ತೋರತ್ತೆ. ತಿರುವು ಮುಗಿದ ಮೇಲೆ ದಿಗಂತ ಓರೆಯಾಗಿದ್ದು ನಿಧಾನಕ್ಕೆ ನೇರವಾಗೋದು ಇದರಿಂದಲೇ. ಆಕ್ಸಿಲರೋಮೀಟರ್‌ನ ಪಾಲು ಕಡಿಮೆ ಮಾಡಿದ್ರೆ ಇದು ತಗ್ಗತ್ತೆ.

ತಿದ್ದೋ ಕೆಲಸ ಬ್ರಶ್‌ಲೆಸ್ ಮೋಟರ್‌ದು. ಸರ್ವೋ ಮೋಟರ್‌ನಲ್ಲಿ ಹಲ್ಲುಚಕ್ರಗಳ ನಡುವೆ ಸಡಿಲ ಇರತ್ತೆ, ಅದು ಪ್ರತಿ ತಿದ್ದುಪಡಿಯಲ್ಲೂ ಸಣ್ಣ ಕುಲುಕಾಗಿ ಕಾಣತ್ತೆ. ಗಿಂಬಲ್ ಮೋಟರ್‌ನಲ್ಲಿ ಹಲ್ಲುಚಕ್ರವೇ ಇಲ್ಲ. ತೆಳು ತಂತಿಯನ್ನ ಹೆಚ್ಚು ಸುತ್ತು ಸುತ್ತಿರ್ತಾರೆ, ವೇಗ ಬೇಡ, ಹಿಡಿತ ಬೇಕು. 14 ಆಯಸ್ಕಾಂತ ಇರೋ ಮೋಟರ್‌ಗೆ 7 ಜೋಡಿ ಧ್ರುವ. ಸುರುಳಿಗಳಿಗೆ ಕೊಡೋ ಮೂರು ಫೇಸ್ ಸೈನ್ ಅಲೆ ಒಂದು ಪೂರ್ತಿ ಆವರ್ತನ ಮುಗಿಸಿದ್ರೆ ಮೋಟರ್ ತಿರುಗೋದು 360ರಲ್ಲಿ 7ನೇ ಒಂದು, ಸುಮಾರು 51 ಡಿಗ್ರಿ. ಆ ಆವರ್ತನವನ್ನ 1,000 ಭಾಗ ಮಾಡಿದ್ರೆ ಒಂದೊಂದು ಹೆಜ್ಜೆ 0.05 ಡಿಗ್ರಿ. ಕಣ್ಣಿಗೆ ಹೆಜ್ಜೆ ಕಾಣೋದೇ ಇಲ್ಲ.

ಮೊದಲು ತೂಕ ಸಮ ಮಾಡಿ, ಆಮೇಲೆ ಟ್ಯೂನಿಂಗ್

ಗಿಂಬಲ್‌ಗೆ ಕರೆಂಟ್ ಕೊಡೋ ಮುಂಚೆ ಕ್ಯಾಮೆರಾವನ್ನ ಯಾವ ಕೋನದಲ್ಲಿ ಬಿಟ್ರೂ ಅದು ಅಲ್ಲೇ ನಿಲ್ಲಬೇಕು. ಒಂದೊಂದು ಅಕ್ಷಕ್ಕೂ ನೋಡಿ. ಕ್ಯಾಮೆರಾ ಮತ್ತು ತಟ್ಟೆ 200 ಗ್ರಾಂ ಇದ್ದು, ಗುರುತ್ವ ಕೇಂದ್ರ ಅಕ್ಷದಿಂದ 5 ಮಿ.ಮೀ. ಆಚೆ ಇದ್ರೆ, ಸುಮ್ಮನೆ ನೇರ ನಿಲ್ಲಿಸೋಕೇ ಮೋಟರ್ ಸದಾ 100 ಗ್ರಾಂ-ಸೆಂ.ಮೀ. ಟಾರ್ಕ್ ಕೊಡ್ತಿರಬೇಕು. ಮೋಟರ್ ಬಿಸಿಯಾಗತ್ತೆ, ಗಾಳಿ ಹೊಡೆದಾಗ ಉಳಿದ ಶಕ್ತಿ ಸಾಲಲ್ಲ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ತೂಕ ಸಮ ಇಲ್ಲದಿದ್ರೆ ಡ್ರೋನ್ ಮೇಲೆ ಕೆಳಗೆ ಕುಲುಕಿದಾಗೆಲ್ಲ ಆ ಕುಲುಕು ಕ್ಯಾಮೆರಾವನ್ನ ತಿರುಗಿಸತ್ತೆ. ಸಮ ಇದ್ರೆ ಬರೀ ಜರುಗಿಸತ್ತೆ, ಮತ್ತು ಜರುಗಿದ್ರೆ ದೂರದ ದೃಶ್ಯದಲ್ಲಿ ಏನೂ ಕಾಣಲ್ಲ ಅಂತ ಮೇಲೆ ನೋಡಿದ್ವಿ. ಅಂದ್ರೆ ಸ್ಕ್ರೂ ಸಡಿಲಿಸಿ ಕ್ಯಾಮೆರಾವನ್ನ ಕೆಲವು ಮಿಲಿಮೀಟರ್ ಸರಿಸೋ ಈ ಬಿಟ್ಟಿ ಕೆಲಸ, ದುಬಾರಿ ಕಂಟ್ರೋಲರ್‌ಗಿಂತ ಹೆಚ್ಚು ಲಾಭ ಕೊಡತ್ತೆ. ಲೆನ್ಸ್ ಮೇಲೆ ಫಿಲ್ಟರ್ ಹಾಕಿದ್ರೂ ಮತ್ತೆ ಸಮ ಮಾಡ್ಬೇಕು.

ಆಮೇಲೆ ಪಿಐಡಿ. ಡ್ರೋನನ್ನ ಕೈಯಲ್ಲಿ ಹಿಡಿದು, ಪ್ರೊಪೆಲರ್ ಬಿಚ್ಚಿಟ್ಟು ಮಾಡಿ. ಒಂದು ಸಲಕ್ಕೆ ಒಂದೇ ಅಕ್ಷ. ಪಿ ಹೆಚ್ಚಿಸ್ತಾ ಹೋಗಿ, ಕ್ಯಾಮೆರಾ ನಡುಗೋಕೆ ಶುರುವಾದಾಗ ಡಿ ಸ್ವಲ್ಪ ಹೆಚ್ಚಿಸಿ ನಡುಕ ನಿಲ್ಲಿಸಿ. ಕೊನೆಗೆ ಐ. ಫ್ರೇಮ್ ವಾಲಿಸಿ ಹಿಡಿದಾಗ ಕ್ಯಾಮೆರಾ ತಡ ಮಾಡದೆ ಪೂರ್ತಿ ನೇರಕ್ಕೆ ಬರಬೇಕು. ಸಿಂಪಲ್‌ಬಿಜಿಸಿ, ಸ್ಟಾರ್ಮ್32 ತರದ ಕಂಟ್ರೋಲರ್‌ಗಳಲ್ಲಿ ಮೋಟರ್‌ನ ಶಕ್ತಿಯನ್ನೂ ನಾವೇ ನಿಗದಿ ಮಾಡಬಹುದು. ಹತ್ತು ನಿಮಿಷ ಆದ ಮೇಲೆ ಮೋಟರ್ ಮುಟ್ಟಿ ನೋಡಿ. ಬೆಚ್ಚಗಿದ್ರೆ ಸರಿ, ಕೈ ಇಡೋಕಾಗದಿದ್ರೆ ಶಕ್ತಿ ಕಡಿಮೆ ಮಾಡಿ.

ಮೂಗಿಗಿಂತ ಮೂಗುತಿ ಭಾರ ಆಗಬಾರದು

ಇಷ್ಟೆಲ್ಲಾ ಹೊರೋದು ಡ್ರೋನೇ ತಾನೇ? 450 ಮಿ.ಮೀ. ಫ್ರೇಮ್, 2212 ಗಾತ್ರದ 920 ಕೆವಿ ಮೋಟರ್, 10 ಇಂಚಿನ ಪ್ರೊಪೆಲರ್, 4ಎಸ್ ಬ್ಯಾಟರಿ, ಇದು ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಾಣೋ ಜೋಡಣೆ. ಒಂದು ಮೋಟರ್ 800 ಗ್ರಾಂ ಎತ್ತತ್ತೆ ಅಂತ ಇಟ್ಟುಕೊಂಡ್ರೆ ನಾಲ್ಕಕ್ಕೆ 3,200 ಗ್ರಾಂ. ಎತ್ತೋ ಶಕ್ತಿಯ ಅರ್ಧಕ್ಕಿಂತ ಹೆಚ್ಚು ತೂಕ ಇರಬಾರದು ಅನ್ನೋದು ಪಾಲಿಸಲೇಬೇಕಾದ ನಿಯಮ. ಅಂದ್ರೆ 1,600 ಗ್ರಾಂ ಮಿತಿ.

ಲೆಕ್ಕ ಹಾಕಿ: ಫ್ರೇಮ್ 280, ಮೋಟರ್ 220, ಇಎಸ್‌ಸಿ 110, ಪ್ರೊಪೆಲರ್ 50, ಕಾಲುಗಳು 70, ಕಂಟ್ರೋಲರ್-ಜಿಪಿಎಸ್-ರಿಸೀವರ್-ವೈರ್ 120, ಎರಡು ಅಕ್ಷದ ಗಿಂಬಲ್ 180, ಕ್ಯಾಮೆರಾ 150, 4,000 ಎಂಎಎಚ್ ಬ್ಯಾಟರಿ 420. ಒಟ್ಟು 1,600. ಬಟ್ಟಲು ತುಂಬಿತು. ಮೂರನೇ ಅಕ್ಷ ಬೇಕು ಅಂದ್ರೆ ಬೇರೆ ಯಾವುದನ್ನಾದ್ರೂ ಬಿಡಬೇಕು. ಮೊದಲ ಡ್ರೋನಿಗೆ ಎರಡು ಅಕ್ಷ ಸಾಕು. ಎಡ-ಬಲ ತಿರುಗೋದನ್ನ ಡ್ರೋನೇ ಮಾಡಲಿ, ಟ್ರಾನ್ಸ್‌ಮಿಟರ್‌ನಲ್ಲಿ ಆ ಸ್ಟಿಕ್‌ಗೆ ಎಕ್ಸ್‌ಪೋ ಹೆಚ್ಚು ಕೊಟ್ಟು ಮೆತ್ತಗೆ ಮಾಡಿಕೊಳ್ಳಿ.

ಹಾರೋ ಸಮಯವೂ ಇದರಿಂದಲೇ ತಿಳಿಯತ್ತೆ. 4 ಆಂಪಿಯರ್-ಅವರ್, 14.8 ವೋಲ್ಟ್ ಅಂದ್ರೆ 59 ವ್ಯಾಟ್-ಅವರ್. ಬ್ಯಾಟರಿ ಹಾಳಾಗದಿರಲಿ ಅಂತ 80 ಶೇಕಡಾ ಮಾತ್ರ ಬಳಸಿದ್ರೆ 47. ಒಂದು ವ್ಯಾಟ್‌ಗೆ 7 ಗ್ರಾಂ ಎತ್ತೋ ಜೋಡಣೆಯಾದ್ರೆ ಗಾಳಿಯಲ್ಲಿ ನಿಲ್ಲೋಕೆ ಸುಮಾರು 230 ವ್ಯಾಟ್ ಬೇಕು. 12 ನಿಮಿಷ. ದೊಡ್ಡ ಬ್ಯಾಟರಿ ಹಾಕಿದ್ರೆ ಸಮಯ ಹೆಚ್ಚತ್ತೆ ನಿಜ, ಆದ್ರೆ ತೂಕದ ಮಿತಿ ಮೀರತ್ತೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಗಿಂಬಲ್ ಮುಂದೆ ತೂಗಿದ್ರೆ ಬ್ಯಾಟರಿಯನ್ನ ಹಿಂದಕ್ಕೆ ಸರಿಸಿ ಗುರುತ್ವ ಕೇಂದ್ರವನ್ನ ಫ್ರೇಮಿನ ನಡುವೆ ತನ್ನಿ. ಗಿಂಬಲ್ ಮೋಟರ್‌ನಲ್ಲೂ ಆಯಸ್ಕಾಂತ ಇದೆ, ಹಾಗಾಗಿ ದಿಕ್ಸೂಚಿ ಇರೋ ಜಿಪಿಎಸ್ಸನ್ನ ಕಂಬದ ಮೇಲೆ ದೂರ ಇಡಿ.

ವಿಡಿಯೋ ನೋಡಿ ರೋಗ ಹಿಡಿಯೋದು

ಗೋಡೆಯಲ್ಲಿ ಅಲೆ ಕಾಣತ್ತಾ? ಪ್ರೊಪೆಲರ್, ಡ್ಯಾಂಪರ್, ವೈರ್ ನೋಡಿ. ಗಿಂಬಲ್ ಸೆಟ್ಟಿಂಗ್ ಮುಟ್ಟಬೇಡಿ.

ಗಿಂಬಲ್‌ನಿಂದ ಜೀರುಂಡೆ ತರಹ ಸದ್ದು ಬರತ್ತಾ, ಚಿತ್ರ ಸಣ್ಣಗೆ ನಡುಗತ್ತಾ? ಪಿ ಅಥವಾ ಡಿ ಹೆಚ್ಚಾಗಿದೆ.

ಕ್ಯಾಮೆರಾ ಇದ್ದಕ್ಕಿದ್ದ ಹಾಗೆ ದೊಡ್ಡ ಕೋನಕ್ಕೆ ಹಾರಿತಾ? ಟಾರ್ಕ್ ಸಾಲದೆ ಮೋಟರ್ ಒಂದು ಧ್ರುವ ಜಾರಿ ಮುಂದಿನದಕ್ಕೆ ಹೋಗಿದೆ. ಮೊದಲು ತೂಕ ಸಮ ಇದೆಯಾ ನೋಡಿ, ಆಮೇಲೆ ಶಕ್ತಿ ಹೆಚ್ಚಿಸಿ.

ಶುರುವಿನಿಂದಲೇ ದಿಗಂತ ಓರೆಯಾಗಿದೆಯಾ? ಆನ್ ಮಾಡುವಾಗ ಡ್ರೋನ್ ಅಲುಗಾಡಿರತ್ತೆ, ಇಲ್ಲವೇ ಆಕ್ಸಿಲರೋಮೀಟರ್ ಕ್ಯಾಲಿಬ್ರೇಶನ್ ತಪ್ಪಿದೆ. ಗೈರೋ ತನ್ನ ಸೊನ್ನೆ ಹುಡುಕಿಕೊಳ್ಳೋ ಆ ಕೆಲವು ಸೆಕೆಂಡ್ ಯಾರೂ ಮುಟ್ಟಬಾರದು.

"ಇಷ್ಟೆಲ್ಲಾ ಯಾಕೆ, ಸಾಫ್ಟ್‌ವೇರ್‌ನಲ್ಲಿ ಸರಿ ಮಾಡಿದ್ರಾಯ್ತಲ್ಲ?" ಅನ್ನೋದು ನ್ಯಾಯವಾದ ಪ್ರಶ್ನೆ. ಗೈರೋಫ್ಲೋ ತರದ ತಂತ್ರಾಂಶ ಕ್ಯಾಮೆರಾದ ಗೈರೋ ದಾಖಲೆ ಬಳಸಿ ವಾಲಾಟವನ್ನ ಚೆನ್ನಾಗೇ ತೆಗೆಯತ್ತೆ, ಹಗಲು ಬೆಳಕಿನಲ್ಲಿ ಹಗುರ ಡ್ರೋನಿಗೆ ಅದೇ ಜಾಣತನ. ಆದ್ರೆ ಅಂಚು ಕತ್ತರಿಸಿ ಹೋಗತ್ತೆ. ಸಂಜೆಯ ಕಾರ್ಯಕ್ರಮದಲ್ಲಿ ಶಟರ್ 50ನೇ ಒಂದು ಸೆಕೆಂಡ್ ತೆರೆದಿರುವಾಗ ಕ್ಯಾಮೆರಾ ಅಲುಗಿದ್ರೆ ಚಿತ್ರವೇ ಮಸುಕಾಗಿರತ್ತೆ, ಮಸುಕನ್ನ ನೇರ ಮಾಡಿದ್ರೂ ಮಸುಕೇ. ಗಿಂಬಲ್‌ನ ಬೆಲೆ ತಿಳಿಯೋದು ಆಗ.

ಹಾರಿಸೋ ಮುಂಚೆ

1.6 ಕೆ.ಜಿ. ತೂಕ 30 ಮೀಟರ್ ಎತ್ತರದಿಂದ ಬಿದ್ರೆ, ಗಾಳಿಯ ತಡೆ ಬಿಟ್ಟು, ನೆಲಕ್ಕೆ ಬರೋ ಹೊತ್ತಿಗೆ ಗಂಟೆಗೆ 87 ಕಿ.ಮೀ. ವೇಗ. ಕೆಳಗೆ ನಮ್ಮದೇ ಫ್ರೆಂಡ್ಸ್ ಕುಣೀತಿರ್ತಾರೆ. ಜನರ ತಲೆ ಮೇಲೆ ಹಾರಿಸಬೇಡಿ, ಪಕ್ಕದಿಂದ ಓರೆಯಾಗಿ ತೆಗೆದ ಶಾಟ್ ಹೇಗೂ ಚೆನ್ನಾಗಿರತ್ತೆ. ಒಂದೊಂದು ಸೆಲ್ 3.5 ವೋಲ್ಟ್‌ಗೆ ಬರ್ತಿದ್ದ ಹಾಗೇ ಇಳಿಸಿ. ಟೇಬಲ್ ಮೇಲೆ ಟೆಸ್ಟ್ ಮಾಡುವಾಗ ಪ್ರೊಪೆಲರ್ ಇರಲೇಬಾರದು.

ಕಾನೂನೂ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ದಾಟಿ 2 ಕೆ.ಜಿ. ಒಳಗಿನ ಡ್ರೋನ್ ಮೈಕ್ರೋ ವರ್ಗ, ಇದಕ್ಕೆ ನೋಂದಣಿ ಸಂಖ್ಯೆ ಬೇಕು. ವಾಣಿಜ್ಯ ಉದ್ದೇಶ ಇಲ್ಲದಿದ್ರೆ ಪೈಲಟ್ ಪ್ರಮಾಣಪತ್ರ ಬೇಡ. ಮಾನ್ಯತೆ ಇರೋ ಶಿಕ್ಷಣ ಸಂಸ್ಥೆಗಳು ತಮ್ಮ ಆವರಣದೊಳಗೆ, ಹಸಿರು ವಲಯದಲ್ಲಿ ಸಂಶೋಧನೆಗಾಗಿ ಹಾರಿಸೋಕೆ ವಿನಾಯಿತಿ ಇದೆ. ಆದ್ರೆ ಫೆಸ್ಟ್ ಶೂಟಿಂಗನ್ನ ಸಂಶೋಧನೆ ಅಂತ ಕರೆಯೋಕಾಗಲ್ಲ. ಹಸಿರು ವಲಯದಲ್ಲಿ 400 ಅಡಿ ತನಕ, ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ಪಟ್ಟಿಯಲ್ಲಿ 200 ಅಡಿ ತನಕ ಮಾತ್ರ. ಬೆಂಗಳೂರಿನಲ್ಲಿ ಕೆಂಪೇಗೌಡ ನಿಲ್ದಾಣ, ಎಚ್‌ಎಎಲ್, ಜಕ್ಕೂರು, ಯಲಹಂಕ ವಾಯುನೆಲೆ ಎಲ್ಲಾ ಇರೋದ್ರಿಂದ ನಿಮ್ಮ ಕ್ಯಾಂಪಸ್ ಯಾವ ಬಣ್ಣದಲ್ಲಿದೆ ಅಂತ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡದೆ ಮುಂದುವರಿಯಬೇಡಿ.

ಕೊನೆಯದಾಗಿ, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಹಾರಾಟಕ್ಕೂ ಒಟ್ಟು ತೂಕ, ಡ್ಯಾಂಪರ್ ಇಳಿತ, ಪಿಐಡಿ ಬೆಲೆಗಳು, ಲಾಗ್‌ನ ಕಂಪನ, ವಿಡಿಯೋದಲ್ಲಿ ಕಂಡದ್ದು, ಇಷ್ಟು ಬರೆಯಿರಿ. ಒಂದು ಹಾರಾಟಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಕಾಲೇಜಿನ ಡ್ರೋನ್ ಬ್ಯಾಚಿನಿಂದ ಬ್ಯಾಚಿಗೆ ಹೋಗೋ ವಸ್ತು. ಫ್ರೇಮ್ ಮುರಿದ್ರೆ ಜೂನಿಯರ್ಸ್ ಹೊಸದು ತರ್ತಾರೆ. ಆ ನೋಟ್‌ಬುಕ್ ಇಲ್ಲದಿದ್ರೆ ಅವರು ಮತ್ತೆ ಜೆಲ್ಲಿಯಿಂದಲೇ ಶುರು ಮಾಡ್ಬೇಕಾಗತ್ತೆ.